ಶಾಖದ ಜಾಡಿನಲ್ಲಿ ಬೋರ್ಡಿನ ದೋಷ

ಸರ್ಕ್ಯೂಟ್ ಬೋರ್ಡಿನ ಒಂದು ಪವರ್ ಲೈನ್ ಗ್ರೌಂಡಿಗೆ ಶಾರ್ಟ್ ಆಗಿದೆ, ಅಂದರೆ ನೇರವಾಗಿ ತಗುಲಿಕೊಂಡಂತಾಗಿದೆ ಎಂದು ಮಲ್ಟಿಮೀಟರ್ ಹೇಳುತ್ತದೆ. ಎಲ್ಲಿ ಆಗಿದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಆ ಲೈನಿಗೆ ಹತ್ತಾರು ಸೆರಾಮಿಕ್ ಕೆಪಾಸಿಟರುಗಳು ಸಮಾಂತರವಾಗಿ ಜೋಡಣೆಯಾಗಿರುವುದರಿಂದ, ಒಂದು ಕೆಟ್ಟರೂ ಮೀಟರಿಗೆ ಅಷ್ಟೂ ಶಾರ್ಟ್ ಆದಂತೆಯೇ ಕಾಣುತ್ತವೆ. ಒಂದೊಂದನ್ನೇ ಬಿಚ್ಚಿ ನೋಡುವುದು, ಅಥವಾ ಬೋರ್ಡಿನ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಸವರಿ ಎಲ್ಲಿ ಮೊದಲು ಆರುತ್ತದೆ ಎಂದು ಗಮನಿಸುವುದು ಹಳೆಯ ದಾರಿಗಳು. ಅವು ಈಗಲೂ ಕೆಲಸಕ್ಕೆ ಬರುತ್ತವೆ. ಆದರೆ ಫೋನಿಗೆ ಸಿಕ್ಕಿಸುವ ಅಗ್ಗದ ಥರ್ಮಲ್ ಕ್ಯಾಮೆರಾ ನನ್ನ ಮೇಜಿಗೆ ಬಂದ ಮೇಲೆ, ಶಾರ್ಟ್ ಎಂದೊಡನೆ ನಾನು ಮೊದಲು ಕೈಗೆತ್ತಿಕೊಳ್ಳುವುದು ಅದನ್ನೇ.

ಈ ಕ್ಯಾಮೆರಾಗಳು 8ರಿಂದ 14 ಮೈಕ್ರೋಮೀಟರ್ ತರಂಗಾಂತರದ ಅವಗೆಂಪು ವಿಕಿರಣವನ್ನು ಗ್ರಹಿಸುತ್ತವೆ. 256×192 ಪಿಕ್ಸೆಲ್ ಸೆನ್ಸರ್ ಇರುವವು ಇಂದು ಹವ್ಯಾಸಿಗಳ ಕೈಗೂ ಎಟುಕುತ್ತವೆ. ಅವು ತೋರಿಸುವ ಉಷ್ಣಾಂಶದಲ್ಲಿ 2 ಡಿಗ್ರಿಯಷ್ಟು ಹೆಚ್ಚುಕಡಿಮೆ ಇರುವುದು ಸಾಮಾನ್ಯ. ಆದರೂ ಅಕ್ಕಪಕ್ಕದ ಎರಡು ಬಿಂದುಗಳ ನಡುವಿನ 0.05 ಡಿಗ್ರಿಯಷ್ಟು ಸಣ್ಣ ವ್ಯತ್ಯಾಸವನ್ನೂ ಹಲವು ಮಾದರಿಗಳು ಗುರುತಿಸಬಲ್ಲವು. ದೋಷ ಹುಡುಕುವವರಿಗೆ ಬೇಕಾಗಿರುವುದು ಈ ಎರಡನೆಯ ಗುಣ. ಯಾವ ಜಾಗ ತನ್ನ ನೆರೆಯ ಜಾಗಕ್ಕಿಂತ ಬೇಗ ಬಿಸಿಯಾಯಿತು ಎಂಬುದು ತಿಳಿದರೆ ಸಾಕು, ಅದು ಎಷ್ಟು ಡಿಗ್ರಿ ಎಂಬುದರಿಂದ ಹೆಚ್ಚಿನ ಪ್ರಯೋಜನವಿಲ್ಲ.

3.3 ವೋಲ್ಟಿನ ಲೈನ್ ಶಾರ್ಟ್ ಆಗಿದೆ ಎಂದುಕೊಳ್ಳೋಣ. ವೋಲ್ಟೇಜನ್ನೂ ಕರೆಂಟನ್ನೂ ಬೇಕಾದಂತೆ ಹೊಂದಿಸಬಹುದಾದ ಬೆಂಚ್ ಪವರ್ ಸಪ್ಲೈಯನ್ನು 1 ವೋಲ್ಟಿಗೆ ಇಟ್ಟು, ಕರೆಂಟಿಗೆ 2 ಆಂಪಿಯರ್ ಮಿತಿ ಹಾಕಿ, ದಪ್ಪ ತಂತಿಗಳಿಂದ ಆ ಲೈನಿಗೆ ಜೋಡಿಸುತ್ತೇನೆ. ಕೆಟ್ಟ ಕೆಪಾಸಿಟರಿನ ರೋಧ 50 ಮಿಲಿಓಮ್ ಇದ್ದರೆ ಅದರಲ್ಲಿ ವ್ಯಯವಾಗುವುದು 0.2 ವ್ಯಾಟ್. ಹೇಳುವುದಕ್ಕೆ ಅಲ್ಪವೇ, ಆದರೆ ಒಂದು ಮಿಲಿಮೀಟರ್ ಉದ್ದದ ತುಣುಕು ಕಣ್ಣಿಗೆ ಬೀಳುವಷ್ಟು ಕಾಯಲು ಅಷ್ಟು ಸಾಕು. ಲೈನಿನ ಸಹಜ ವೋಲ್ಟೇಜನ್ನು ಎಂದಿಗೂ ಮೀರಬಾರದು, ಏಕೆಂದರೆ ಶಾರ್ಟ್ ಆದ ಭಾಗ ಸುಟ್ಟು ತೆರೆದುಕೊಂಡ ಕ್ಷಣದಲ್ಲಿ ಸಪ್ಲೈಯ ಪೂರ್ತಿ ವೋಲ್ಟೇಜ್ ಆ ಲೈನಿನಲ್ಲಿರುವ ಒಳ್ಳೆಯ ಚಿಪ್‌ಗಳ ಮೇಲೆ ಬೀಳುತ್ತದೆ.

ಇಲ್ಲಿ ಮೊದಲ ಕೆಲವು ಸೆಕೆಂಡುಗಳೇ ನಿರ್ಣಾಯಕ. ಬೋರ್ಡಿನೊಳಗಿನ ತಾಮ್ರದ ಪದರಗಳು ಶಾಖವನ್ನು ಬಹುಬೇಗ ಹರಡಿಬಿಡುವುದರಿಂದ, ಮೊದಲು ಚುಕ್ಕಿಯಂತೆ ಮೂಡಿದ್ದು ಸ್ವಲ್ಪ ಹೊತ್ತಿನಲ್ಲೇ ಅಂಗೈಯಗಲದ ಮಸುಕು ಕಲೆಯಾಗುತ್ತದೆ. ಹಾಗಾಗಿ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕಟ್ಟಿ, ಫೋಕಸ್ ಸರಿಪಡಿಸಿ, ರೆಕಾರ್ಡಿಂಗ್ ಶುರುಮಾಡಿದ ನಂತರವಷ್ಟೇ ಸಪ್ಲೈ ಹಾಕುವುದು ನನ್ನ ಪದ್ಧತಿ. ಇಂತಹ ಕ್ಯಾಮೆರಾಗಳು ತಮ್ಮನ್ನು ತಾವೇ ಸರಿಹೊಂದಿಸಿಕೊಳ್ಳಲು ಆಗಾಗ ಒಳಗಿನ ಶಟರನ್ನು ಮುಚ್ಚಿ ತೆರೆಯುತ್ತವೆ. ಆಗ 'ಟಿಕ್' ಎಂಬ ಸದ್ದಿನೊಂದಿಗೆ ಚಿತ್ರ ಒಂದು ಕ್ಷಣ ನಿಂತುಬಿಡುತ್ತದೆ. ಆ ಸದ್ದು ಮುಗಿಯುವವರೆಗೆ ಕಾದು ಸ್ವಿಚ್ ಒತ್ತಿದರೆ ಬೇಕಾದ ಕ್ಷಣ ತಪ್ಪಿಹೋಗುವುದಿಲ್ಲ.

ಶಾರ್ಟ್‌ನ ರೋಧ ಒಂದೆರಡು ಮಿಲಿಓಮಿಗೆ ಇಳಿದಿದ್ದರೆ ಕೆಲಸ ಕಷ್ಟವಾಗುತ್ತದೆ. ಆಗ ದೋಷವಿರುವ ಭಾಗಕ್ಕಿಂತ ಅಲ್ಲಿಗೆ ಹೋಗುವ ತಾಮ್ರದ ಹಾದಿಯೇ ಹೆಚ್ಚು ಬಿಸಿಯಾಗಬಹುದು. ಹಾಗಾದರೂ ನಿರಾಶರಾಗಬೇಕಿಲ್ಲ. ಕರೆಂಟ್ ಹರಿಯುವ ಹಾದಿ ತೆಳುಗೆರೆಯಾಗಿ ಕಾಣುತ್ತದೆ, ಆ ಗೆರೆ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಹುಡುಕಾಟ ಮುಂದುವರಿಸಬಹುದು.

ಹೊಸಬರನ್ನು ಹೆಚ್ಚು ದಾರಿ ತಪ್ಪಿಸುವುದು ಹೊಳೆಯುವ ಲೋಹ. ಚಿಪ್‌ನ ಕಪ್ಪು ಮೈ ಮತ್ತು ಬೋರ್ಡಿನ ಹಸಿರು ಲೇಪ ತಮ್ಮ ಶಾಖವನ್ನು ಚೆನ್ನಾಗಿ ಹೊರಸೂಸುತ್ತವೆ. ಅವುಗಳ ಎಮಿಸಿವಿಟಿ, ಅಂದರೆ ಶಾಖ ಸೂಸುವ ಸಾಮರ್ಥ್ಯದ ಅಳತೆ, 0.9ರ ಆಸುಪಾಸಿನಲ್ಲಿರುತ್ತದೆ. ಹೊಳಪುಳ್ಳ ಲೋಹದ್ದು 0.1ಕ್ಕಿಂತಲೂ ಕಡಿಮೆ ಇರಬಹುದು. ಚಿಪ್‌ಗಳನ್ನು ಮುಚ್ಚುವ ಅಂತಹ ಲೋಹದ ಶೀಲ್ಡ್ ಎಷ್ಟೇ ಕಾದಿದ್ದರೂ ತಣ್ಣಗಿರುವಂತೆ ಕಾಣುತ್ತದೆ, ಅದರಲ್ಲಿ ಬಿಸಿಯಾಗಿ ತೋರುವುದು ಬಾಗಿ ನೋಡುತ್ತಿರುವವರ ಮುಖದ ಪ್ರತಿಬಿಂಬವಾಗಿರಬಹುದು. ತಲೆಯನ್ನು ಅತ್ತಿತ್ತ ಸರಿಸಿದಾಗ ಬಿಸಿ ಕಲೆಯೂ ಸರಿದರೆ ಅದು ಪ್ರತಿಬಿಂಬವೇ ಸರಿ. ಅನುಮಾನವಿದ್ದಲ್ಲಿ ಲೋಹದ ಮೇಲೆ ಶಾಖವನ್ನು ಚೆನ್ನಾಗಿ ಹೊರಸೂಸುವ ಕ್ಯಾಪ್ಟಾನ್ (Kapton) ಟೇಪಿನ ಒಂದು ಚೂರು ಅಂಟಿಸಿ ನೋಡಬೇಕು. ಸಾಮಾನ್ಯ ಗಾಜಿನ ಮೂಲಕ ಈ ವಿಕಿರಣ ಹಾಯುವುದಿಲ್ಲವಾದ್ದರಿಂದ ಭೂತಗನ್ನಡಿ ಹಿಡಿದು ನೋಡುವುದು ವ್ಯರ್ಥ. ಜಿಂಕ್ ಸೆಲೆನೈಡ್ ಅಥವಾ ಜರ್ಮೇನಿಯಂ ಲೆನ್ಸೇ ಆಗಬೇಕು.

ಬಿಸಿಯಾಗಿರುವುದೆಲ್ಲ ಕೆಟ್ಟಿದೆ ಎಂದು ತೀರ್ಮಾನಿಸಲಾಗದು. ರೆಗ್ಯುಲೇಟರ್, ಇಂಡಕ್ಟರ್, ಪ್ರೊಸೆಸರ್ ಮುಂತಾದವು ಆರೋಗ್ಯವಾಗಿದ್ದಾಗಲೂ ಕಾಯುತ್ತವೆ. ಹಾಗೆಯೇ, ಕಾಯಬೇಕಾದ ಚಿಪ್ ತಣ್ಣಗಿದ್ದರೆ ಅದಕ್ಕೆ ವಿದ್ಯುತ್ತೇ ತಲುಪುತ್ತಿಲ್ಲದಿರಬಹುದು. ಸರಿಯಾಗಿ ಕೆಲಸ ಮಾಡುವ ಅದೇ ಮಾದರಿಯ ಬೋರ್ಡ್ ಸಿಕ್ಕಾಗಲೆಲ್ಲ ಅದರ ಥರ್ಮಲ್ ಚಿತ್ರವನ್ನು ತೆಗೆದಿಟ್ಟುಕೊಳ್ಳುತ್ತೇನೆ, ಏಕೆಂದರೆ ಎರಡನ್ನೂ ಪಕ್ಕದಲ್ಲಿಟ್ಟಾಗ ಕಾಣುವ ವ್ಯತ್ಯಾಸ ಯಾವ ಸಂಖ್ಯೆಯಿಂದಲೂ ಹೊಳೆಯುವುದಿಲ್ಲ. ಕಡಿದ ಟ್ರೇಸ್ (ಬೋರ್ಡಿನ ತಾಮ್ರದ ಗೆರೆ) ಅಥವಾ ತಪ್ಪಿದ ಕ್ಲಾಕ್ ಸಿಗ್ನಲ್ ಹೆಚ್ಚಿನ ಸಲ ಶಾಖದಲ್ಲಿ ಸುಳಿವು ಕೊಡುವುದಿಲ್ಲ. ಅಲ್ಲಿ ಸಿಗ್ನಲನ್ನು ಅಲೆಯಾಗಿ ತೋರಿಸುವ ಆಸಿಲೋಸ್ಕೋಪಿಗೇ ಮೊರೆಹೋಗಬೇಕು.

ಕೊಳ್ಳುವವರು 550 ಡಿಗ್ರಿವರೆಗೆ ಅಳೆಯುತ್ತದೆ ಎಂಬ ಜಾಹೀರಾತಿಗೆ ಮನಸೋಲಬೇಕಿಲ್ಲ. ಬೋರ್ಡಿನ ದೋಷ ಹುಡುಕಾಟದಲ್ಲಿ 150 ಡಿಗ್ರಿ ದಾಟುವ ಸಂದರ್ಭಗಳೇ ಅಪರೂಪ. ಅದೇ ಹಣಕ್ಕೆ ಕೆಲವೇ ಸೆಂಟಿಮೀಟರ್ ಹತ್ತಿರದಿಂದ ಫೋಕಸ್ ಆಗುವ ಮ್ಯಾಕ್ರೋ ಲೆನ್ಸ್ ಸಿಗುವುದಾದರೆ ನಾನು ಅದನ್ನೇ ಆರಿಸಿಕೊಳ್ಳುತ್ತೇನೆ, ಏಕೆಂದರೆ ಒತ್ತಾಗಿ ಕೂತ ಕೆಪಾಸಿಟರುಗಳ ಸಾಲಿನಲ್ಲಿ ಕೆಟ್ಟದ್ದು ಎಡದ್ದೋ ಬಲದ್ದೋ ಎಂಬುದು ಆ ಲೆನ್ಸಿನಿಂದಲೇ ತಿಳಿಯುವುದು.