ಪದಕ ಹಂಚಲು ಬಂದವರಿಗೆ ಕೊಡಬೇಕಾದದ್ದು

ಆಟದ ಋತು ಮುಗಿದು ಚಳಿ ಶುರುವಾದ ಮೇಲೆ ಮಕ್ಕಳಿಗೆಲ್ಲ ಪದಕ ಕೊಡುವ ಸಂಜೆಯೊಂದನ್ನು ಏರ್ಪಡಿಸಿ, ಅದಕ್ಕೆ ಕೌಂಟಿ, ಅಂದರೆ ಜಿಲ್ಲಾ, ತಂಡದ ಹೆಸರಾಂತ ಆಟಗಾರರೊಬ್ಬರನ್ನು ಕರೆಸುವುದು ಐರ್ಲೆಂಡಿನ ಗೇಲಿಕ್ ಕ್ರೀಡಾ ಕ್ಲಬ್ಬುಗಳಲ್ಲಿ ಬಹುಕಾಲದ ರೂಢಿ. ಕರ್ನಾಟಕದಿಂದ ಬಂದು ಇಲ್ಲಿ ನೆಲೆಸಿದ ನಮ್ಮ ಮನೆಯ ಮಕ್ಕಳಿಬ್ಬರೂ, ಮಗ ಕೋಲಿನಿಂದ ಚೆಂಡು ಹೊಡೆದು ಆಡುವ ಹರ್ಲಿಂಗ್ ಮತ್ತು ಮಗಳು ಅದರದೇ ಮಹಿಳಾ ರೂಪವಾದ ಕಮೋಗಿ, ಹೀಗೆ ಊರಿನ ಕ್ಲಬ್ಬಿನಲ್ಲೇ ಆಡಿ ಬೆಳೆಯುತ್ತಿರುವುದರಿಂದ ಮಕ್ಕಳ ವಿಭಾಗದ ಸಮಿತಿಯಲ್ಲಿ ನನಗೂ ಒಂದು ಜವಾಬ್ದಾರಿ ಬಂದಿದೆ. ಪತ್ರವ್ಯವಹಾರ ನನ್ನ ಪಾಲಿನದು. ಹಾಗಾಗಿ ಒಂದು ವರ್ಷ ಮುಖ್ಯ ಅತಿಥಿಯಾಗಿ ಬರಬೇಕೆಂದು ಆಟಗಾರರೊಬ್ಬರಿಗೆ ಬರೆದವರೂ ನಾನೇ, ಅದಕ್ಕೆ ಅವರ ಪರವಾಗಿ ವ್ಯವಹಾರ ನೋಡಿಕೊಳ್ಳುವವರಿಂದ ಬಂದ ಉತ್ತರವನ್ನು ಸಭೆಯಲ್ಲಿ ಓದಿದವರೂ ನಾನೇ. ಉತ್ತರ ಸೌಜನ್ಯದಿಂದಲೇ ಕೂಡಿತ್ತು. ದಿನಾಂಕ ಹೊಂದಿಕೆಯಾಗುತ್ತದೆ, ಒಂದು ಗಂಟೆ ಇರುತ್ತಾರೆ, ಶುಲ್ಕ ಇಷ್ಟು ಎಂದು ಅದರಲ್ಲಿ ಬರೆದಿತ್ತು. ನಮ್ಮ ಹತ್ತು ವರ್ಷದೊಳಗಿನ ಮಕ್ಕಳ ತಂಡಕ್ಕೆ ಇಡೀ ಋತುವಿನ ಚೆಂಡು ಮತ್ತು ಹೆಲ್ಮೆಟ್ಟುಗಳಿಗೆ ಆಗುವ ಖರ್ಚಿಗಿಂತ ಆ ಮೊತ್ತ ಹೆಚ್ಚಿತ್ತು.

ಈ ಉತ್ತರ ಸಭೆಯಲ್ಲಿ ಅಷ್ಟು ಬಿಸಿ ಹುಟ್ಟಿಸಿದ್ದು ಏಕೆಂಬುದು ತಿಳಿಯಬೇಕಾದರೆ ಈ ಆಟಗಳ ಏರ್ಪಾಟನ್ನು ಸ್ವಲ್ಪ ತಿಳಿದಿರಬೇಕು. 1884ರ ನವೆಂಬರ್ 1ರಂದು ಥರ್ಲ್ಸ್ ಪಟ್ಟಣದ ಹೋಟೆಲೊಂದರಲ್ಲಿ ಮೈಕೆಲ್ ಕ್ಯೂಸಾಕ್ ಮೊದಲಾದವರು ಸೇರಿ ಕಟ್ಟಿದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್, ಎಲ್ಲರ ಬಾಯಲ್ಲಿ ಜಿಎಎ, ಇಂದಿಗೂ ಹವ್ಯಾಸಿ ಸಂಸ್ಥೆಯೇ. ಡಬ್ಲಿನ್ನಿನ ಕ್ರೋಕ್ ಪಾರ್ಕ್‌ನಲ್ಲಿ ಎಂಬತ್ತೆರಡು ಸಾವಿರ ಜನ ಹಣ ಕೊಟ್ಟು ನೋಡುವ ಅಂತಿಮ ಪಂದ್ಯದಲ್ಲಿ ಆಡುವವನೂ ಆಟಕ್ಕೆಂದು ಒಂದು ಯೂರೋ ಸಂಬಳ ಪಡೆಯುವಂತಿಲ್ಲ. ನಿಯಮ ಅದನ್ನು ನೇರವಾಗಿ ನಿಷೇಧಿಸುತ್ತದೆ. ಅವನಿಗೆ ಸಿಗುವುದು ಅಭ್ಯಾಸಕ್ಕೆ ಓಡಾಡಿದ ಪ್ರಯಾಣ ವೆಚ್ಚ ಮತ್ತು ಸರ್ಕಾರದಿಂದ ವರ್ಷಕ್ಕೊಮ್ಮೆ ಬರುವ ಸಣ್ಣ ಅನುದಾನ. ಉಳಿದಂತೆ ಅವನು ಶಾಲೆಯ ಮೇಷ್ಟರೋ, ಬ್ಯಾಂಕ್ ನೌಕರನೋ, ರೈತನೋ ಆಗಿರುತ್ತಾನೆ. ಇಲ್ಲಿನ ಆರ್ಥಿಕ ಮತ್ತು ಸಾಮಾಜಿಕ ಸಂಶೋಧನಾ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಕೌಂಟಿ ಮಟ್ಟದ ಆಟಗಾರರು ವಾರಕ್ಕೆ 31 ಗಂಟೆಗಳವರೆಗೂ ಆಟಕ್ಕಾಗಿ ತೆಗೆದಿಡುತ್ತಾರೆ ಎಂದು ತೋರಿಸಿತು. ಹೊಟ್ಟೆಪಾಡಿನ ಕೆಲಸದ ಮೇಲೆ ಇನ್ನೊಂದು ಕೆಲಸವನ್ನು ಕೂಲಿಯಿಲ್ಲದೆ ಮಾಡಿದಂತೆಯೇ ಅದು.

ಸಭೆಯಲ್ಲಿದ್ದ ಹಿರಿಯರೊಬ್ಬರು, ತಾವೂ ಒಂದು ಕಾಲಕ್ಕೆ ಕೌಂಟಿಗೆ ಆಡಿದವರು, ಶುಲ್ಕದ ಅಂಕಿ ಕೇಳಿದೊಡನೆ ಮುಖ ಬಿಗಿಹಿಡಿದರು. ಕ್ಲಬ್ಬೇ ಆಟಗಾರನನ್ನು ಬೆಳೆಸುತ್ತದೆ, ಅವನಿಗೆ ಕೋಲು ಹಿಡಿಯುವುದನ್ನು ಕಲಿಸಿದವರು ಯಾರೂ ಹಣ ಕೇಳಲಿಲ್ಲ, ಮಕ್ಕಳ ಕೈಗೆ ಪದಕ ಕೊಡಲು ಅವನು ಹಣ ಕೇಳುವುದೆಂದರೇನು ಎಂಬುದು ಅವರ ವಾದ. ಆ ಮಾತಿನಲ್ಲಿ ನೋವಿತ್ತು ಮತ್ತು ಆ ನೋವು ನಿಜವಾದದ್ದು. ವಾರದ ಎಲ್ಲ ಸಂಜೆಗಳನ್ನೂ ಮಳೆಯಲ್ಲಿ ನಿಂತು ಬೇರೆಯವರ ಮಕ್ಕಳಿಗೆ ಆಟ ಕಲಿಸುವ ಜನರನ್ನು ನಾನು ಪ್ರತಿದಿನ ನೋಡುತ್ತೇನೆ. ಅವರಲ್ಲಿ ಒಬ್ಬರೂ ಒಂದು ಕಾಸು ಮುಟ್ಟುವುದಿಲ್ಲ. ಇಡೀ ಸಂಸ್ಥೆ ನಿಂತಿರುವುದೇ ಅವರ ಮೇಲೆ.

ಆದರೆ ಆ ವಾದವನ್ನು ನಾನು ಪೂರ್ತಿ ಒಪ್ಪಲಿಲ್ಲ, ಇಂದಿಗೂ ಒಪ್ಪುವುದಿಲ್ಲ. ಆ ಆಟಗಾರನನ್ನು ಬೆಳೆಸಿದ್ದು ನಮ್ಮ ಕ್ಲಬ್ಬಲ್ಲ, ಎಪ್ಪತ್ತು ಕಿಲೋಮೀಟರ್ ದೂರದ ಅವರ ಊರಿನ ಕ್ಲಬ್ಬು. ಅವರಿಗೆ ಋಣವೇನಾದರೂ ಇದ್ದರೆ ಅದು ಅಲ್ಲಿಗೆ ಸಲ್ಲಬೇಕಾದದ್ದು, ಕೌಂಟಿಯಲ್ಲಿರುವ ಪ್ರತಿಯೊಂದು ಕ್ಲಬ್ಬೂ ಅದನ್ನು ತನ್ನ ಹೆಸರಿಗೆ ಬರೆದುಕೊಳ್ಳಲಾಗದು. ಕಂಪನಿಯೊಂದರ ಜಾಹೀರಾತಿನಲ್ಲಿ ಕಾಣಿಸಿಕೊಂಡು ಇದೇ ಆಟಗಾರ ಹಣ ಪಡೆದರೆ ಅದಕ್ಕೆ ನಿಯಮದ ಅಡ್ಡಿಯಿಲ್ಲ, ಯಾರ ಆಕ್ಷೇಪವೂ ಇಲ್ಲ. ಹಾಗಿರುವಾಗ ಕ್ಲಬ್ಬಿನಿಂದ ಹಣ ಕೇಳಿದರೆ ಮಾತ್ರ ಅದು ದ್ರೋಹವಾಗುವುದು ಹೇಗೆ? ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಅವರ ಹೆಸರಿನ ಮೇಲೆ ಕ್ಲಬ್ಬು ಹಣ ಮಾಡುತ್ತಿದೆಯೇ ಇಲ್ಲವೇ? ದೊಡ್ಡವರಿಗಾಗಿ ಹೋಟೆಲಿನಲ್ಲಿ ನಡೆಯುವ ವಾರ್ಷಿಕ ಭೋಜನಕೂಟಕ್ಕೆ ಅವರ ಭಾವಚಿತ್ರ ಅಚ್ಚುಹಾಕಿಸಿ ಟಿಕೆಟ್ ಮಾರುತ್ತೇವೆ, ಅವರು ಸಹಿ ಮಾಡಿದ ಜೆರ್ಸಿಯನ್ನು ಹರಾಜು ಹಾಕುತ್ತೇವೆ, ಪ್ರಾಯೋಜಕರ ಮೇಜಿನಿಂದ ಮೇಜಿಗೆ ಅವರನ್ನು ಕರೆದೊಯ್ದು ಪಟ ತೆಗೆಸುತ್ತೇವೆ. ಅಂಥ ರಾತ್ರಿಗೆ ಅವರು ಶುಲ್ಕ ಕೇಳಿದರೆ ಅದು ನ್ಯಾಯವಾದ ಬೇಡಿಕೆ, ಕೊಡಬೇಕು. ಕ್ಲಬ್ಬಿನ ಸಭಾಂಗಣದಲ್ಲಿ ಚಹಾ, ಸ್ಯಾಂಡ್‌ವಿಚ್ ಇಟ್ಟುಕೊಂಡು ಪ್ರವೇಶ ಶುಲ್ಕವಿಲ್ಲದೆ ಮಕ್ಕಳಿಗೆ ಪದಕ ಕೊಡುವ ಸಂಜೆಗೆ ಶುಲ್ಕ ಕೇಳುವುದು ಸರಿಯಲ್ಲ. ಅಲ್ಲಿ ಮಾರಾಟವಾಗುವುದು ಏನೂ ಇಲ್ಲ. ಆ ದಿನ ಸಭೆಯಲ್ಲಿ ಇದನ್ನೇ ಹೇಳಿ, ಬಂದ ಉತ್ತರಕ್ಕೆ ಧನ್ಯವಾದ ತಿಳಿಸಿ, ಬೇರೆಯವರನ್ನು ಕರೆಯೋಣ ಎಂದೆ. ಹಾಗೆಯೇ ಆಯಿತು.

ಚರ್ಚೆಯ ನಡುವೆ ಇನ್ನೊಂದು ವಿಷಯವೂ ಎದ್ದಿತು, ಎದ್ದ ಕೂಡಲೇ ಎಲ್ಲರೂ ಅದನ್ನು ಕೂರಿಸಲು ನೋಡಿದರು. ತಂಡಗಳ ವ್ಯವಸ್ಥಾಪಕರಿಗೆ, ಅಂದರೆ ಮ್ಯಾನೇಜರುಗಳಿಗೆ, ಗುಟ್ಟಾಗಿ ಹಣ ಸಂದಾಯವಾಗುತ್ತದೆ ಎಂಬ ಮಾತು ಈ ದೇಶದಲ್ಲಿ ಹೊಸದಲ್ಲ. ಆಗ ಸಂಸ್ಥೆಯ ಮಹಾನಿರ್ದೇಶಕರಾಗಿದ್ದ ಪಾರಿಕ್ ಡಫಿ 2012ರಲ್ಲಿ ಹವ್ಯಾಸಿ ನೆಲೆ ಮತ್ತು ಮ್ಯಾನೇಜರುಗಳ ಸಂದಾಯದ ಬಗ್ಗೆಯೇ ಒಂದು ಚರ್ಚಾಪತ್ರವನ್ನು ಬಹಿರಂಗವಾಗಿ ಹೊರತಂದಿದ್ದರು. ಅಂಥ ಸಂದಾಯದ ಬಗ್ಗೆ ಸಣ್ಣ ದನಿಯಲ್ಲಿ ಮಾತನಾಡುವವರು, ಬಹಿರಂಗವಾಗಿ ಶುಲ್ಕ ಕೇಳಿದ ಆಟಗಾರನನ್ನು ದೊಡ್ಡ ದನಿಯಲ್ಲಿ ಖಂಡಿಸುವುದು ನನಗೆ ಸರಿಕಾಣುವುದಿಲ್ಲ. ಕೇಳಿದವರು ಕಾಗದದ ಮೇಲೆ ಕೇಳಿದ್ದಾರೆ. ಆಗುವುದಿಲ್ಲ ಎಂದು ನಾವೂ ಕಾಗದದ ಮೇಲೆಯೇ ಹೇಳಿದೆವು.

ಕೊನೆಗೆ ಬಂದವರು ಕೌಂಟಿ ತಂಡದಲ್ಲಿ ಹಿಂಬದಿಯ ಸಾಲಿನಲ್ಲಿ ಆಡುವ ಒಬ್ಬ ಯುವಕ, ವೃತ್ತಿಯಿಂದ ಶಾಲಾ ಶಿಕ್ಷಕ. ಪಾಠ ಮುಗಿಸಿ, ಮಧ್ಯೆ ವ್ಯಾಯಾಮಶಾಲೆಗೂ ಹೋಗಿ, ತಲೆಗೂದಲು ಇನ್ನೂ ಒದ್ದೆಯಾಗಿರುವಾಗಲೇ ನೇರವಾಗಿ ಸಭಾಂಗಣಕ್ಕೆ ಬಂದರು. ಭಾಷಣ ಬಹಳ ಚಿಕ್ಕದು. ಅನಂತರ ಅವರು ಮಾಡಿದ್ದನ್ನು ನಾನು ಹತ್ತಿರದಿಂದ ನೋಡಿದೆ. ವೇದಿಕೆಯ ಮೇಲೆ ನಿಂತು ಪದಕ ಕೊಡುವ ಬದಲು ಮೆಟ್ಟಿಲಿನ ಅಂಚಿನಲ್ಲಿ ಕುಳಿತುಕೊಂಡರು, ಮಕ್ಕಳ ಮುಖ ಅವರ ಮುಖಕ್ಕೆ ಸಮನಾಗಿ ಬರುವಂತೆ. ಮೊದಲೇ ಪಟ್ಟಿ ತರಿಸಿಕೊಂಡು, ನಮ್ಮ ಮಗನ ಹೆಸರನ್ನೂ ಇನ್ನಿಬ್ಬರು ಕೇರಳದ ಮಕ್ಕಳ ಹೆಸರನ್ನೂ ಹೇಗೆ ಹೇಳಬೇಕೆಂದು ನನ್ನನ್ನು ಕೇಳಿ, ತಮ್ಮಷ್ಟಕ್ಕೆ ಹೇಳಿಕೊಂಡು ಸರಿಮಾಡಿಕೊಂಡಿದ್ದರು. ಮಕ್ಕಳು ಸಹಿಗಾಗಿ ತಂದ ಆ್ಯಶ್ ಮರದ ಆಟದ ಕೋಲುಗಳಲ್ಲಿ ಒಂದರ ಹಿಡಿಕೆಯ ಪಟ್ಟಿ ಸಡಿಲವಾಗಿದ್ದದ್ದು ಕಂಡು, ಸಹಿ ಮಾಡುವ ಮೊದಲು ಅದನ್ನು ಪೂರ್ತಿ ಬಿಚ್ಚಿ, ಕೆಳಗಿನಿಂದ ಮೇಲಕ್ಕೆ ಎಳೆದು ಬಿಗಿದು, ತುದಿಯನ್ನು ಹಲ್ಲಿನಿಂದ ಹರಿದು ಅಂಟಿಸಿಕೊಟ್ಟರು. ಆಗ ಅವರ ಬಲಗೈಯ ಕಿರುಬೆರಳು ಸೊಟ್ಟಗೆ ಕೂಡಿಕೊಂಡಿರುವುದು ಕಾಣಿಸಿತು. ಹುಡುಗನೊಬ್ಬ ಅದನ್ನು ಮುಟ್ಟಿ ನೋಡಿ, ಎಷ್ಟು ಸಲ ಮುರಿದಿದೆ ಎಂದು ಕೇಳಿದ. ಅವರು ಬೆರಳು ಮಡಿಸಿ ತೋರಿಸಿ, ಇಷ್ಟೇ ಬಾಗುತ್ತದೆ ಎಂದರು. ಒಂದು ಗಂಟೆಯ ಮಾತಾಗಿದ್ದ ಸಂಜೆ ಎರಡೂವರೆ ಗಂಟೆಯಾಯಿತು. ಹಾಗೆ ಎಳೆದವರು ನಾವೇ. ಇನ್ನೊಂದು ಪಟ, ಇನ್ನೊಂದು ತಂಡ ಎಂದು ತಂದೆತಾಯಿಗಳು ಮುಂದೆ ಬರುತ್ತಲೇ ಇದ್ದರು. ಅತಿಥಿ ಶುಲ್ಕ ತೆಗೆದುಕೊಳ್ಳದಿದ್ದಾಗ ಅವರ ಹೊತ್ತಿಗೆ ಬೆಲೆಯೇ ಇಲ್ಲವೆಂಬಂತೆ ನಡೆದುಕೊಳ್ಳುವುದು ಸುಲಭ ಎಂದು ನನಗೆ ಅಲ್ಲಿ ಬಲವಾಗಿ ಅನ್ನಿಸಿತು. ಶುಲ್ಕ ಕೇಳಿದ ಆಟಗಾರ ಒಂದು ಗಂಟೆ ಎಂದು ಗಡುವು ಹಾಕಿದ್ದರ ಹಿಂದೆ ಇಂಥ ಎಷ್ಟು ಸಂಜೆಗಳ ಅನುಭವವಿದ್ದಿರಬಹುದು!

ಕಾರ್ಯಕ್ರಮ ಮುಗಿದಾಗ ಖಜಾಂಚಿ ನನ್ನನ್ನು ಪಕ್ಕಕ್ಕೆ ಕರೆದು, ಅವರ ಪೆಟ್ರೋಲ್ ಖರ್ಚಿಗೆಂದು ತೆಗೆದಿಟ್ಟ ಲಕೋಟೆಯನ್ನು ಹೊರಗೆ ಕಾರಿನ ಬಳಿ ಯಾರಿಗೂ ಕಾಣದಂತೆ ಕೊಟ್ಟುಬಿಡಿ ಎಂದರು. ನನ್ನ ಕೈಗೆ ಅದು ಒಗ್ಗಲಿಲ್ಲ. ನಮ್ಮೂರುಗಳಲ್ಲಿ ಹರಿಕಥೆಗೋ ತಾಳಮದ್ದಳೆಗೋ ಬಂದವರಿಗೆ ಶಾಲು ಹೊದಿಸಿ, ಹಣ್ಣು ತಾಂಬೂಲದ ತಟ್ಟೆಯಲ್ಲೇ ಕವರನ್ನೂ ಇಟ್ಟು ಎಲ್ಲರ ಎದುರಿಗೆ ಕೊಡುತ್ತಾರೆ. ಕೊಡುವವರಿಗೂ ಪಡೆಯುವವರಿಗೂ ಅದರಲ್ಲಿ ಮುಜುಗರವಿಲ್ಲ, ಸಂಭಾವನೆಯೂ ಸನ್ಮಾನದ ಒಂದು ಭಾಗವೇ ಆಗಿರುತ್ತದೆ. ಮ್ಯಾನೇಜರುಗಳ ಕತ್ತಲೆಯ ಲಕೋಟೆಯ ಕಥೆ ಕೇಳಿ ಬಂದ ಸಭೆಗೆ, ನ್ಯಾಯವಾದ ಪ್ರಯಾಣ ವೆಚ್ಚವನ್ನೂ ಅದೇ ಕತ್ತಲೆಯಲ್ಲಿ ಕೊಡುವುದು ಶೋಭೆಯಲ್ಲ ಎಂದೆ. ಖಜಾಂಚಿ ಸ್ವಲ್ಪ ತಡೆದು ನಿಂತರು. ಬಳಿಕ ತಾವೇ ಮೈಕಿನ ಮುಂದೆ ಹೋಗಿ, ಅತಿಥಿಯ ಪ್ರಯಾಣ ವೆಚ್ಚವನ್ನು ಕ್ಲಬ್ಬು ಭರಿಸುತ್ತಿದೆ ಎಂದು ಹೇಳಿ ಲಕೋಟೆ ಕೊಟ್ಟರು. ಯುವಕ ನಿರಾಕರಿಸುವ ನಾಟಕವಾಡದೆ ಅದನ್ನು ತೆಗೆದುಕೊಂಡು, ವಂದಿಸಿ, ಜೇಬಿಗಿಟ್ಟುಕೊಂಡರು. ಆ ಸಹಜತೆ ನನಗೆ ತುಂಬ ಹಿಡಿಸಿತು. ಚಪ್ಪಾಳೆಯೂ ಜೋರಾಗಿಯೇ ಬಂತು.

ಮನೆಗೆ ಮರಳುವಾಗ ಮಗಳು ಕೇಳಿದ್ದು ಮಾತ್ರ ಬೇರೆಯೇ. ಕಮೋಗಿ ಹುಡುಗಿಯರ ಪದಕಗಳನ್ನು ಹಿಂದಿನ ಚಳಿಗಾಲದಲ್ಲಿ ಕೊಟ್ಟುಹೋದ ಕೌಂಟಿ ಆಟಗಾರ್ತಿಗೂ ಹೀಗೆ ಲಕೋಟೆ ಕೊಟ್ಟಿದ್ದೆವೇ ಎಂದು ಅವಳಿಗೆ ತಿಳಿಯಬೇಕಿತ್ತು. ಕೊಟ್ಟಿರಲಿಲ್ಲ. ಅವರು ಕೇಳಿರಲಿಲ್ಲ, ಕೊಡಬೇಕೆಂಬ ಮಾತು ಸಮಿತಿಯಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ. ಮಹಿಳಾ ಆಟಗಾರರಿಗೆ ಸರ್ಕಾರದ ಅನುದಾನ ಪುರುಷರಿಗೆ ಸಮನಾದದ್ದೇ 2021ರಲ್ಲಿ. ಅದಾದ ಮೇಲೂ ಪ್ರಯಾಣ ವೆಚ್ಚ, ವೈದ್ಯಕೀಯ ನೆರವಿನಂಥ ಮೂಲ ಸೌಕರ್ಯಗಳಿಗಾಗಿ 2023ರ ಬೇಸಿಗೆಯಲ್ಲಿ ಅವರು ಪ್ರತಿಭಟನೆ ನಡೆಸುತ್ತಲೇ ಪಂದ್ಯಗಳನ್ನು ಆಡಬೇಕಾಯಿತು. ತಾರೆಗಳು ಶುಲ್ಕ ಕೇಳಬಹುದೇ ಎಂಬ ಚರ್ಚೆಯಲ್ಲಿ ನಮ್ಮ ಕಣ್ಣ ಮುಂದೆ ಇರುವುದು ಬೇಡಿಕೆಯಿರುವ ನಾಲ್ಕಾರು ಗಂಡಸರು ಮಾತ್ರ. ಕೇಳುವ ಸ್ಥಾನದಲ್ಲಿ ಇಲ್ಲದವರು ಆ ಲೆಕ್ಕಕ್ಕೇ ಬರುವುದಿಲ್ಲ.

ಮುಂದಿನ ಸಭೆಯಲ್ಲಿ ನಾನು ಇಟ್ಟ ಸೂಚನೆ ಹೆಚ್ಚು ವಾದವಿಲ್ಲದೆ ಅಂಗೀಕಾರವಾಯಿತು. ಅತಿಥಿ ಗಂಡಾಗಲಿ ಹೆಣ್ಣಾಗಲಿ, ಕೇಳಲಿ ಬಿಡಲಿ, ಪ್ರಯಾಣ ವೆಚ್ಚವನ್ನು ಆಮಂತ್ರಣದಲ್ಲೇ ತಿಳಿಸಬೇಕು. ಒಪ್ಪಿದ ಹೊತ್ತಿಗೆ ಸರಿಯಾಗಿ ಅವರನ್ನು ಬೀಳ್ಕೊಡಬೇಕು. ಟಿಕೆಟ್ ಮಾರುವ ಕಾರ್ಯಕ್ರಮವಾದರೆ ಶುಲ್ಕದ ಮಾತನ್ನು ಕ್ಲಬ್ಬೇ ಮೊದಲು ಎತ್ತಬೇಕು, ಕೊಟ್ಟದ್ದನ್ನು ವಾರ್ಷಿಕ ಲೆಕ್ಕಪತ್ರದಲ್ಲಿ ಬರೆಯಬೇಕು. ಹಿರಿಯ ಆಟಗಾರರು ಕೊನೆಯ ಅಂಶಕ್ಕೆ ಮಾತ್ರ ಕೈಯೆತ್ತಲಿಲ್ಲ. ಕಮೋಗಿ ಆಟಗಾರ್ತಿಗೆ ಕೊಡದೆ ಉಳಿದಿದ್ದ ವೆಚ್ಚವನ್ನು ಅದೇ ವಾರ, ಒಂದು ಪತ್ರದೊಂದಿಗೆ, ಖಜಾಂಚಿ ಕಳುಹಿಸಿದರು.