ಲಾವಣಿಯ ಲೆಕ್ಕ

ಪ್ರತಿ ವರ್ಷ ಯುಗಾದಿಯ ಹಿಂದೆಮುಂದೆ ನಾನು ಹುಬ್ಬಳ್ಳಿಯಿಂದ ಅಣ್ಣಿಗೇರಿಗೆ ಒಮ್ಮೆ ಹೋಗಿ ಬರುತ್ತೇನೆ. ನೆಂಟರನ್ನು ಮಾತಾಡಿಸಲು ಎಂದು ಮನೆಯಲ್ಲಿ ಹೇಳುತ್ತೇನಾದರೂ ನಿಜವಾಗಿ ಹೋಗುವುದು ಲಾವಣಿಯ, ಅಂದರೆ ಹೊಲವನ್ನು ಗೇಣಿಗೆ ಕೊಟ್ಟ ಹಣಕ್ಕೆ. ಅಪ್ಪನ ಹೆಸರಿನಲ್ಲಿರುವ ಆರು ಎಕರೆ ಎರೆ ಹೊಲವನ್ನು ಹನ್ನೊಂದು ವರ್ಷಗಳಿಂದ, ನಾನು ಕಾಕಾ ಎಂದು ಕರೆಯುವ ರೈತರೊಬ್ಬರು ಮಾಡುತ್ತಿದ್ದಾರೆ. ಎಕರೆಗೆ 12,000 ರೂಪಾಯಿಯಂತೆ ಅವರು ಎಣಿಸಿ ಕೊಡುವ 72,000 ರೂಪಾಯಿ ಅದೇ ಸಂಜೆ ನನ್ನ ಜೊತೆಗೆ ಬಸ್ಸು ಹತ್ತಿ ಹುಬ್ಬಳ್ಳಿಗೆ ಬರುತ್ತದೆ. ಅದರಲ್ಲಿ ಊರಿನಲ್ಲಿ ಉಳಿಯುವುದೆಂದರೆ ಬಸ್‌ಸ್ಟ್ಯಾಂಡಿನ ಹತ್ತಿರ ನಾನು ತಿನ್ನುವ ಮಿರ್ಚಿ, ಗಿರ್ಮಿಟ್ಟಿನ ದುಡ್ಡು ಮಾತ್ರ.

ಸಣ್ಣ ಊರುಗಳು ಸೊರಗುತ್ತಿರುವುದಕ್ಕೆ ಮಳೆಯನ್ನೂ ಬೆಲೆಯನ್ನೂ ದೂರುವುದು ನಮಗೆಲ್ಲ ರೂಢಿಯಾಗಿದೆ. ಮಳೆ ಕೈಕೊಡುವುದು ನಮ್ಮ ಸೀಮೆಗೆ ಹೊಸತೇನಲ್ಲ. ನೀರು ಹರಿಯದ ಮಲಪ್ರಭಾ ಕಾಲುವೆಗೂ ಅಭಿವೃದ್ಧಿ ಕರ ಕಟ್ಟಬೇಕೆಂದಾಗ ನವಲಗುಂದ, ನರಗುಂದಗಳ ರೈತರು ಬೀದಿಗಿಳಿದು, 1980ರ ಜುಲೈ 21ರಂದು ಗುಂಡಿಗೆ ಎದೆಯೊಡ್ಡಿದ ಸೀಮೆ ಇದು. ಅಂಥ ಕಷ್ಟದ ದಿನಗಳಲ್ಲೂ ಇಲ್ಲಿಯ ಪೇಟೆಗಳು ತುಂಬಿಕೊಂಡೇ ಇದ್ದವು. ನನಗೆ ಕಾಣುವ ಕಾರಣ ಬೇರೆ: ಹೊಲದಲ್ಲಿ ಹುಟ್ಟಿದ ದುಡ್ಡು ಈಗ ಊರೊಳಗೆ ಒಂದು ಸುತ್ತೂ ತಿರುಗದೆ ಹೊರಗೆ ಹೋಗುತ್ತದೆ, ಅದನ್ನು ಹೊರಗೆ ಒಯ್ಯುವವರಲ್ಲಿ ನಾನೂ ಒಬ್ಬ.

ನಾನು ಚಿಕ್ಕವನಿದ್ದಾಗ ಆ ದುಡ್ಡು ಎಲ್ಲೆಲ್ಲಿ ತಿರುಗುತ್ತಿತ್ತು ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಹೊಲದಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿಗಳ ನಡುವೆಯೇ ಜಯಧರ ಎಂಬ ಹಳೆಯ ತಳಿಯ ಹತ್ತಿ ಬೆಳೆಯುತ್ತಿತ್ತು. ಮೊದಲು ಉಳ್ಳಾಗಡ್ಡಿ ಕಿತ್ತು, ನಂತರ ಕಾಯಿ ಬಿಡಿಸಿ, ಬೇಸಿಗೆಯ ಹೊತ್ತಿಗೆ ಹತ್ತಿ ಬಿಡಿಸುವ ತನಕ ಮನೆಗೆ ಕಂತುಕಂತಾಗಿ ಹಣ ಬರುತ್ತಿತ್ತು. ಚಕ್ಕಡಿಯಲ್ಲಿ ಹತ್ತಿಯ ಅಂಡಿಗೆ (ದೊಡ್ಡ ಚೀಲ) ಹೇರಿಕೊಂಡು ದಲಾಲಿ ಅಂಗಡಿಗೆ ಹೋದ ಅಪ್ಪ, ತೂಕ ಮುಗಿದು ಪಟ್ಟಿ ಕೈಗೆ ಬರುವವರೆಗೆ ಅಲ್ಲೇ ಕೂಡಬೇಕಾಗಿತ್ತು. ಆ ಹೊತ್ತಿನಲ್ಲಿ ಹಮಾಲರಿಗೆ ಕೂಲಿ, ಖಾನಾವಳಿಗೆ ಊಟದ ಹಣ, ಬಡಿಗೇರನಿಗೆ ಹೊಸ ಕೂರಿಗೆಯ ಮುಂಗಡ, ಅರಿವೆ ಅಂಗಡಿಗೆ ಹಳೆಯ ಬಾಕಿ, ಹೀಗೆ ಅರ್ಧ ಹಣ ಪೇಟೆಯಲ್ಲೇ ಇಳಿದುಬಿಡುತ್ತಿತ್ತು. ದಲಾಲಿಯವರು ಧರ್ಮರಾಯರಾಗಿದ್ದರೆಂದು ನಾನು ಹೇಳುತ್ತಿಲ್ಲ. ಅವರ ಬಡ್ಡಿಯ ಲೆಕ್ಕ ಅಪ್ಪನಿಗೆ ಇಂದಿಗೂ ಮರೆತಿಲ್ಲ. ಆದರೆ ಅವರು ಊರಲ್ಲೇ ಇದ್ದರು, ಗಳಿಸಿದ್ದನ್ನು ಊರಲ್ಲೇ ಮನೆ ಕಟ್ಟಲು ಸುರಿದರು. 2002ರ ನಂತರ ಬಿಟಿ ಹತ್ತಿ ಬಂದು ಜಯಧರ ಮೂಲೆಗೆ ಸರಿಯಿತು. ಈಗ ಕಾಳು ಟ್ರ್ಯಾಕ್ಟರಿನಲ್ಲಿ ನೇರವಾಗಿ ಹುಬ್ಬಳ್ಳಿಯ ಅಮರಗೋಳದ ಮಾರುಕಟ್ಟೆಗೋ ಗದಗಿಗೋ, ಮೆಣಸಿನಕಾಯಿ ಬ್ಯಾಡಗಿಗೋ ಹೋಗಿ, ದುಡ್ಡು ಬ್ಯಾಂಕಿನ ಖಾತೆಗೆ ಬೀಳುತ್ತದೆ. ರೈತನಿಗೆ ಇದರಿಂದ ನಾಲ್ಕು ಕಾಸು ಹೆಚ್ಚು ಸಿಗುತ್ತದೆ ಎಂಬುದು ನಿಜ, ಆದರೆ ನಡುವಿನ ಪೇಟೆಗೆ ಏನೂ ಸಿಗುವುದಿಲ್ಲ.

ನಮ್ಮ ಮನೆಯ ಮುಂದಿನ ಓಣಿಯಲ್ಲಿ ಒಂದು ಹಗೇವು ಇತ್ತು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಅದು ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು, ಒಳಗೆ ಮಾತ್ರ ಗಡಿಗೆಯ ಹೊಟ್ಟೆಯಂತೆ ಅಗಲ. ಬದಿಗೆ ಹುಲ್ಲು ಹೊಂದಿಸಿ, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಒಂದೆರಡು ವರ್ಷ ಚಿಂತೆಯಿಲ್ಲ. ತೆಗೆಯುವ ದಿನ ಕಲ್ಲು ಸರಿಸಿ, ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಮೊದಲು ಇಳಿಸುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿರಲಿಲ್ಲ. ಬದಿಯ ಜೋಳ ಕಪ್ಪಾಗಿ ಮುಗ್ಗಿರುತ್ತಿತ್ತು, ನಡುವಿನದು ಬೆಳ್ಳಗಿದ್ದರೂ ಅದರ ರೊಟ್ಟಿಗೆ ಒಂದು ಘಾಟು ವಾಸನೆ ಇರುತ್ತಿತ್ತು. ಅಮ್ಮನಿಗೆ ಆ ವಾಸನೆ ಸೇರುತ್ತಿರಲಿಲ್ಲ, ಅಪ್ಪನಿಗೆ ಅದೇ ರುಚಿ. ಓಣಿಗೆ ಕಾಂಕ್ರೀಟ್ ರಸ್ತೆ ಮಾಡುವಾಗ ಅದರೊಳಗೆ ಗರಸು ತುಂಬಿ ಮುಚ್ಚಿದರು. ಯಾರೂ ತಕರಾರು ಮಾಡಲಿಲ್ಲ, ಏಕೆಂದರೆ ಅದರಲ್ಲಿ ಹಾಕಲು ಜೋಳವೇ ಇರಲಿಲ್ಲ. 2003ರ ಬರದಲ್ಲಿ ಮೇವಿಲ್ಲದೆ ನಾವು ಎತ್ತು ಮಾರಿದೆವು. ಎತ್ತು ಹೋದ ಮೇಲೆ ಕಣಕಿ, ಅಂದರೆ ಜೋಳದ ದಂಟಿನ ಮೇವು, ಬೇಡವಾಯಿತು, ಕಣಕಿ ಬೇಡವಾದ ಮೇಲೆ ಜೋಳ ಬಿತ್ತುವುದರಲ್ಲಿ ಲಾಭ ಕಾಣಲಿಲ್ಲ.

ಈಗ ಹಿಂಗಾರಿಗೆ ಎಲ್ಲಿ ನೋಡಿದರೂ ಕಡಲೆ. ನಮ್ಮೂರಿನ ಹೆಸರನ್ನೇ ಹೊತ್ತ ‘ಅಣ್ಣಿಗೇರಿ-1’ ಎಂಬ ಕಡಲೆ ತಳಿ ಒಂದು ಕಾಲಕ್ಕೆ ಕರ್ನಾಟಕದ ಎರೆ ಭೂಮಿಯಲ್ಲೆಲ್ಲ ಹರಡಿತ್ತು. ಕಾಕಾ ಬಿತ್ತುವುದು ಮಾತ್ರ ಜೆಜಿ-11 ಎಂಬ ಬೇರೆ ತಳಿ. ಕಡಲೆ ಕೀಳುವ ಕೆಲಸ ನಸುಕಿನಲ್ಲೇ ಆಗಬೇಕು, ಇಬ್ಬನಿ ಆರಿತೆಂದರೆ ಕಾಯಿ ಉದುರುತ್ತದೆ. ಇಬ್ಬನಿಯ ಜೊತೆಗೆ ಗಿಡದ ಹುಳಿ ಕೈಯ ಗೀರುಗಳಿಗೆ ತಾಗಿ ಉರಿಯುತ್ತದೆ. ಆ ಕೆಲಸಕ್ಕೆ ಬರುತ್ತಿದ್ದವರ ಮಕ್ಕಳು ಈಗ ಗೋವಾ, ಮಂಗಳೂರುಗಳ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. 2001ರಿಂದ 2011ರವರೆಗೆ ರಾಜ್ಯದ ಜನಸಂಖ್ಯೆ ಶೇ 15.6ರಷ್ಟು ಬೆಳೆದರೆ ಪಕ್ಕದ ಗದಗ ಜಿಲ್ಲೆಯದು ಶೇ 10ನ್ನೂ ಮುಟ್ಟಲಿಲ್ಲ. ಹೊಲ ಮಾಡುವ ಹುಡುಗನಿಗೆ ಕನ್ಯೆ ಸಿಗುವುದಿಲ್ಲ ಎಂಬುದು ಈಗ ಎಲ್ಲ ಕಟ್ಟೆಗಳ ಮಾತು. ಕಾಕಾ ಅವರ ಮಗ ಅದೇ ಕಾರಣಕ್ಕೆ ವಾಸ್ಕೋಗೆ ಹೋದ. ಇಷ್ಟರ ನಡುವೆ ನಮ್ಮ ಊರು ತಾಲ್ಲೂಕು ಕೇಂದ್ರವಾಗಿದೆ. ಕಚೇರಿಗಳು ಬಂದಿವೆ, ಆದರೆ ನೌಕರರಲ್ಲಿ ಅನೇಕರು ಬೆಳಿಗ್ಗೆ ಹುಬ್ಬಳ್ಳಿಯಿಂದಲೋ ಗದಗಿನಿಂದಲೋ ಬಂದು ಸಂಜೆಗೆ ಮರಳುತ್ತಾರೆ. ಅವರ ಸಂಬಳವೂ ನನ್ನ ಲಾವಣಿಯ ಬಸ್ಸಿನಲ್ಲೇ ಹೋಗುತ್ತದೆ.

2023ರ ಬರದಲ್ಲಿ ಮುಂಗಾರಿ ಬೆಳೆ ಕೈಗೆ ಬರಲಿಲ್ಲ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿಯಂತೆ, ಎರಡು ಹೆಕ್ಟೇರ್ ಮಿತಿಗೆ ಒಳಪಟ್ಟು ಪರಿಹಾರ ಬಂತು; ಪಹಣಿಯಲ್ಲಿ ಅಪ್ಪನ ಹೆಸರಿದ್ದುದರಿಂದ ಅದು ಬಿದ್ದದ್ದು ಹುಬ್ಬಳ್ಳಿಯಲ್ಲಿ ಕೂತಿರುವ ಅಪ್ಪನ ಖಾತೆಗೆ. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ ಎಲ್ಲ ಕಾಕಾ ಅವರದು, ಆ ವರ್ಷದ ಲಾವಣಿಯನ್ನೂ ಅವರು ಪೂರ್ತಿ ಕೊಟ್ಟರು. ನಾನು ಪರಿಹಾರದ ಅರ್ಧವನ್ನು ಅವರ ಕೈಗೆ ಕೊಟ್ಟೆ. ಅರ್ಧವೇ ಏಕೆ ಎಂದು ಅವರು ಕೇಳಲಿಲ್ಲ, ನನ್ನ ಬಳಿಯೂ ಅದಕ್ಕೆ ಉತ್ತರವಿರಲಿಲ್ಲ.

ಈ ಯುಗಾದಿಗೆ ಹಣ ಎಣಿಸಿ ಕೊಟ್ಟ ಮೇಲೆ ಕಾಕಾ ಒಂದು ಮಾತು ಕೇಳಿದರು: “ತಮ್ಮಾ, ಲಾವಣಿ ಮಾಡೇನಿ ಅಂತ ಒಂದು ಕಾಗದದಾಗ ಬರದು ಕೊಡು. ಹೊಲಾ ನನಗ ಬ್ಯಾಡ, ಬ್ಯಾಂಕಿನ್ಯಾಗ ಸಾಲಾ ಕೇಳಾಕ ಬೇಕಾಗೇತಿ.” 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದಕ್ಕೇ ಕಾನೂನಿನಲ್ಲಿ ನಿಷೇಧವಿದೆ, ಆದ್ದರಿಂದ ಇಡೀ ಸೀಮೆಯ ಲಾವಣಿ ಬಾಯಿಮಾತಿನ ಮೇಲೆ ನಡೆಯುತ್ತದೆ. ಕೃಷಿಕರಲ್ಲದವರೂ ಹೊಲ ಕೊಳ್ಳಲು 2020ರಲ್ಲಿ ದಾರಿ ತೆರೆಯಿತು; ಹೊಲ ಮಾಡುವವನ ಹೆಸರನ್ನು ಕಾಗದಕ್ಕೆ ತರುವ ದಾರಿ ಮಾತ್ರ ಇನ್ನೂ ತೆರೆದಿಲ್ಲ. ಉಳುವವನೇ ಒಡೆಯನಾದ ಕಾಲದಲ್ಲಿ ಅಕ್ಕಪಕ್ಕದವರು ಹೊಲ ಕಳೆದುಕೊಂಡದ್ದನ್ನು ಕಂಡ ಅಪ್ಪನಿಗೆ ಕಾಗದ ಎಂದರೆ ಈಗಲೂ ಭಯ. ಅಪ್ಪನನ್ನು ಕೇಳಿ ಹೇಳುತ್ತೇನೆ ಎಂದು ಕಾಕಾಗೆ ಹೇಳಿ ಬಂದೆ. ಇನ್ನೂ ಕೇಳಿಲ್ಲ.