ಆನೆ ಬೇಲಿಯ ಟಿಕ್ ಟಿಕ್

ಅಕ್ಟೋಬರ್ ಕೊನೆಯ ವಾರಾಂತ್ಯದ ಸಿಕ್ಯೂ ವರ್ಲ್ಡ್‌ವೈಡ್ ರೇಡಿಯೊ ಸ್ಪರ್ಧೆಗೆ ನಮ್ಮ ಹಾಸನದ ಹ್ಯಾಮ್ (ಹವ್ಯಾಸಿ ರೇಡಿಯೊ) ಬಳಗ ಈ ಸಲವೂ ಸಕಲೇಶಪುರದ ಆಚೆಯ ಕಾಫಿ ತೋಟವನ್ನೇ ಹಿಡಿಯಿತು. ಊರೊಳಗೆ ಕುಳಿತು ಆಡುವ ಮಾತೇ ಇಲ್ಲ. ದೀಪಾವಳಿಯ ಆಸುಪಾಸಿನಲ್ಲಿ ಮನೆಮನೆಗೂ ಎಲ್‌ಇಡಿ ಸರ. ಅವುಗಳ ಅಗ್ಗದ ಅಡಾಪ್ಟರುಗಳು ರಾತ್ರಿಯಿಡೀ ಗುಂಯ್‌ಗುಟ್ಟುತ್ತಿದ್ದರೆ ದೂರದ ಕ್ಷೀಣ ದನಿ ಕಿವಿಗೆ ಬೀಳುವುದಾದರೂ ಹೇಗೆ?

ಗೊತ್ತಿಲ್ಲದವರಿಗಾಗಿ ಎರಡು ಮಾತು. ಜಗತ್ತಿನ ಬೇರೆ ಬೇರೆ ಕಡೆಯ ಹ್ಯಾಮ್‌ಗಳನ್ನು ರೇಡಿಯೊದಲ್ಲಿ ಆದಷ್ಟು ಮಾತನಾಡಿಸುವುದೇ ಆಟ. ಸ್ಪರ್ಧೆ ಶನಿವಾರ ಬೆಳಗಿನ 5.30ಕ್ಕೆ ಆರಂಭವಾಗಿ 48 ಗಂಟೆ ನಡೆಯುತ್ತದೆ. ಕಾಲ್‌ಸೈನ್ (ಪರವಾನಗಿಯೊಂದಿಗೆ ಸಿಗುವ ಗುರುತಿನ ಅಕ್ಷರಗಳು) ಜೊತೆಗೆ ಸಿಗ್ನಲ್ ವರದಿ ಮತ್ತು ವಲಯದ (ಸ್ಪರ್ಧೆಗಾಗಿ ಜಗತ್ತನ್ನು ಹಂಚಿದ ಭಾಗದ) ಸಂಖ್ಯೆ ಹೇಳಿದರೆ ಮಾತು ಮುಗಿಯಿತು. ನಮ್ಮ ವಲಯ 22. ಬೇರೆ ಖಂಡದವರು ಸಿಕ್ಕರೆ 3 ಅಂಕ, ಏಷ್ಯಾದ ಬೇರೆ ದೇಶದವರಿಗೆ 1, ಭಾರತದವರಿಗೆ ಸೊನ್ನೆ. ಆದರೆ ಪ್ರತಿ ಬ್ಯಾಂಡ್‌ನಲ್ಲಿಯೂ (ಆವರ್ತನ ಪಟ್ಟಿಯಲ್ಲಿಯೂ) ಹೊಸ ದೇಶ, ಹೊಸ ವಲಯ ಒಟ್ಟು ಅಂಕವನ್ನು ಹೆಚ್ಚಿಸುವ ಗುಣಕವಾಗುವುದರಿಂದ ಸೊನ್ನೆ ಅಂಕದ ಬೆಂಗಳೂರನ್ನೂ ಒಮ್ಮೆ ಮಾತನಾಡಿಸಲೇಬೇಕು.

ಎರಡು ಸಿಲ್ವರ್ ಓಕ್ ಮರಗಳ ನಡುವೆ 20 ಮೀಟರ್ ಆಂಟೆನಾ ತಂತಿ ಕಟ್ಟಿದೆವು. 7 ಮೆಗಾಹರ್ಟ್ಸ್‌ಗೆ ಅದು ಅರ್ಧ ತರಂಗ; 21ರಲ್ಲಿ ಅದೇ ತಂತಿ ಒಂದೂವರೆ ತರಂಗವಾಗಿ ಕೆಲಸ ಮಾಡುತ್ತದೆ. ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಗೆ ಪೆಟ್ಟಾಗದಂತೆ ಕವಣೆಯಿಂದ ಹಗ್ಗ ದಾಟಿಸುವುದಕ್ಕೆ ತಾಳ್ಮೆ ಬೇಕು. ತೋಟ ಕೊಟ್ಟವರ ಬಳ್ಳಿ ನಮಗೆ ಅಂಕಕ್ಕಿಂತ ದೊಡ್ಡದು.

ಶುಕ್ರವಾರ ಸಂಜೆ ರೇಡಿಯೊ ಹಚ್ಚಿದರೆ ಸೆಕೆಂಡಿಗೊಂದರಂತೆ ಟಿಕ್, ಟಿಕ್. ಇದು ಆನೆಗಾಗಿ ಹಾಕಿದ ಸೋಲಾರ್ ಬೇಲಿಯ ಸದ್ದು. ಬೇಲಿ ಸರಿಯಾಗಿದ್ದರೆ ಅದರ ಮಿಡಿತ ಅಷ್ಟಾಗಿ ಕಾಡುವುದಿಲ್ಲ. ಗಿಡಗಂಟಿ ತಾಗಿ ಕಿಡಿ ಹಾರತೊಡಗಿದರೆ ಎಲ್ಲ ಬ್ಯಾಂಡ್‌ಗಳಲ್ಲಿಯೂ ಕೇಳಿಸುತ್ತದೆ. ಹಳೆಯ ಟ್ರಾನ್ಸಿಸ್ಟರನ್ನು ಮೀಡಿಯಂ ವೇವ್‌ನ ಖಾಲಿ ಜಾಗಕ್ಕೆ ತಿರುಗಿಸಿ ಬೇಲಿಗುಂಟ ನಡೆದೆ. ಹಳ್ಳದ ತಿರುವಿನಲ್ಲಿ ಸದ್ದು ಜೋರಾಯಿತು. ಟಾರ್ಚ್ ಆರಿಸಿದಾಗ ಕಂಡಿತು: ಮಳೆಗೆ ತೊಯ್ದ ಲಂಟಾನದ ಕೊಂಬೆಯೊಂದು ಕೆಳಗಿನ ತಂತಿಗೆ ಒರಗಿತ್ತು, ತಾಗಿದ ಕಡೆ ಸಾಸಿವೆ ಕಾಳಿನಷ್ಟು ನೀಲಿ ಕಿಡಿ. ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರ್ ಬೇಲಿಯನ್ನು ಸ್ವಲ್ಪ ಹೊತ್ತು ನಿಲ್ಲಿಸಿ ತಾವೇ ಕತ್ತಿ ಹಿಡಿದು ಬಂದು ಪೊದೆ ಸವರಿದರು. ಮತ್ತೆ ಹಚ್ಚಿದಾಗ ಟಿಕ್ ಟಿಕ್ ಇಲ್ಲ. ಆನೆಗೂ ತಡೆ, ನಮಗೂ ನೆಮ್ಮದಿ.

ನಮ್ಮ 100 ವ್ಯಾಟ್‌ಗೆ ಪ್ರಶಸ್ತಿ ಬರುವುದಿಲ್ಲವೆಂದು ನಮಗೆ ಗೊತ್ತಿದೆ. ದೊಡ್ಡ ಗೋಪುರಗಳಿರುವವರು ನಮಗಿಂತ ಎಷ್ಟೋ ಜೋರಾಗಿ ಕೂಗಬಲ್ಲರು. ಆದರೆ ಕೇಳಿಸಿಕೊಳ್ಳುವುದರಲ್ಲಿ ಯಾರಿಗೂ ಕಡಿಮೆಯಾಗಬೇಕಿಲ್ಲ ಎಂಬುದು ನನ್ನ ಹಟ. ಸಿಗ್ನಲ್ ವರದಿಯನ್ನು ಎಲ್ಲರೂ ಕಣ್ಣುಮುಚ್ಚಿ ‘ಫೈವ್ ನೈನ್’ (ಸ್ಪಷ್ಟ, ಜೋರು) ಎಂದೇ ಕೊಡುತ್ತಾರೆ. ಕಾಲ್‌ಸೈನ್ ಮಾತ್ರ ಒಂದಕ್ಷರ ತಪ್ಪಿದರೂ ಲಾಗ್ (ಸಂಪರ್ಕಗಳ ದಾಖಲೆ) ತಪಾಸಣೆಯಲ್ಲಿ ಅಂಕ ಹೋಗುತ್ತದೆ, ಮೇಲೆ ದಂಡವೂ ಬೀಳುತ್ತದೆ. ಆದ್ದರಿಂದಲೇ ಹೊಸದಾಗಿ ಪರವಾನಗಿ ಸಿಕ್ಕಿ, ವಿಯು3 ಎಂದು ಶುರುವಾಗುವ ಕಾಲ್‌ಸೈನ್ ಪಡೆದ ನಮ್ಮ ಹುಡುಗಿಯನ್ನು ಭಾನುವಾರ ಸಂಜೆಯ ಗದ್ದಲಕ್ಕೇ ಕೂರಿಸಿದೆವು. ಅಮೆರಿಕದ ಪೂರ್ವ ಕರಾವಳಿಯಲ್ಲಿ ಆಗ ಬೆಳಗು. 21 ಮೆಗಾಹರ್ಟ್ಸ್‌ನಲ್ಲಿ ಐದನೇ ವಲಯದವರು ಒಬ್ಬರ ಮೇಲೊಬ್ಬರು ಕರೆಯುತ್ತಿದ್ದರು. ಅವಳು ಗಾಬರಿಯಾಗಲಿಲ್ಲ. ಕೇಳಿಸಿದ ಎರಡು ಅಕ್ಷರಗಳನ್ನಷ್ಟೇ ತಿರುಗಿ ಹೇಳಿ, ಉಳಿದವರು ಸುಮ್ಮನಾಗುವವರೆಗೆ ಕಾದು, ಪೂರ್ತಿ ಕಾಲ್‌ಸೈನ್ ಪಡೆದು ಲಾಗ್ ತುಂಬಿದಳು. 2004ರ ಡಿಸೆಂಬರ್‌ನಲ್ಲಿ ಹವ್ಯಾಸಿ ಕೇಂದ್ರ ನಡೆಸಲು ಪೋರ್ಟ್ ಬ್ಲೇರ್‌ಗೆ ಹೋಗಿದ್ದ ಭಾರತಿ ಪ್ರಸಾದ್ ಅವರ ತಂಡ ಸುನಾಮಿ ಅಪ್ಪಳಿಸಿದಾಗ ಸಂದೇಶಗಳನ್ನು ಸಾಗಿಸಿದ್ದು ಇಂಥದೇ ಪಳಗಿದ ಕಿವಿಗಳಿಂದ. ಅವಳಿಗೆ ಆ ಕಥೆಯನ್ನು ಊಟದ ಹೊತ್ತಿಗೆ ಹೇಳಿದೆ.

ಸ್ಪರ್ಧೆ ಮುಗಿದ ಐದು ದಿನಗಳೊಳಗೆ ಲಾಗ್ ಕಳಿಸಬೇಕು. ಆ ಕೆಲಸವನ್ನೂ ಅವಳಿಗೇ ಒಪ್ಪಿಸಿದ್ದೇವೆ. ಇದೇ ಸ್ಪರ್ಧೆಯ ಮೋರ್ಸ್ ಸಂಕೇತದ ಸುತ್ತು ನವೆಂಬರ್ ಕೊನೆಯ ವಾರಾಂತ್ಯಕ್ಕೆ. ಈಗಿನ ತಂತಿ ಯುರೋಪಿನ ಕಡೆಗೆ ಮುಖ ಮಾಡಿದೆ. ಅಷ್ಟರೊಳಗೆ ಜಪಾನಿನತ್ತ ಇನ್ನೊಂದು ಕಟ್ಟಲು ಮೆಣಸಿನ ಬಳ್ಳಿಯಿಲ್ಲದ ಎರಡು ಮರಗಳನ್ನು ರೈಟರ್ ಆಗಲೇ ಗುರುತಿಸಿಟ್ಟಿದ್ದಾರೆ.